ತಪ್ಪು ಬರೆದ ಸಾವಿನ ಚೀಟಿ

ಗೋರ್ನಾ ಲಿಪಾ
14 ಅಕ್ಟೋಬರ್ 2012

ಪ್ರೀತಿಯ ಅಣ್ಣ ಒಗ್ನ್ಯಾನನಿಗೆ,

ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಸೊಂಟದ ನೋವು ಹೇಗಿದೆ? ವಾರ್ನಾದ ಸಮುದ್ರದ ಗಾಳಿ ಅದಕ್ಕೆ ಒಗ್ಗುತ್ತಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ನೀನು ಮಾತ್ರ ಫೋನಿಗೆ ಬರಲಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನಾದರೆ ಮಾತಿನ ಮಧ್ಯೆ ಕುಕ್ಕಿ ಇಡಲು ಬರುವುದಿಲ್ಲ.

ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದ ಬಂದಾಗ ಊರಿಗೆ ಊರೇ ಕೆಂಪು ಮೆಣಸಿನಕಾಯಿ ಸುಡುತ್ತಿತ್ತು. ಎಲ್ಲರ ಅಂಗಳದಲ್ಲೂ ಹೊಗೆ, ಎಲ್ಲರ ಕಣ್ಣಲ್ಲೂ ನೀರು. ನಾನೂ ಪಕ್ಕದ ಮನೆಯ ಮಿತಾ ಅಜ್ಜಿಯ ಜೊತೆ ಕೂತು ಸಿಪ್ಪೆ ಸುಲಿದು, ಅರೆದು, ಚಳಿಗಾಲಕ್ಕೆ ಬಾಟಲಿ ತುಂಬಿದೆ. ಬೆರಳು ಸುಟ್ಟುಕೊಂಡಿದ್ದರಿಂದ ಪೆನ್ನು ಹಿಡಿಯಲಾಗಲಿಲ್ಲ. ಇದು ನಿಜ, ಆದರೆ ಪೂರ್ತಿ ನಿಜವಲ್ಲ. ನಿನ್ನ ಕಾಗದ ಓದಿ ಬಂದ ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಸರಿ, ಸಿಟ್ಟನ್ನು ಪಕ್ಕದಲ್ಲೇ ಕೂರಿಸಿಕೊಂಡು ಬರೆಯುತ್ತಿದ್ದೇನೆ.

ನೀನು ಬರೆದಿದ್ದೀಯ: "ಅಪ್ಪನನ್ನು ಸುಮ್ಮನೆ ಮಲಗಲು ಬಿಡು. ಕಾದಂಬರಿ ಬರೆಯಲೇಬೇಕು ಅಂತಿದ್ದರೆ ರಾಜರ ಬಗ್ಗೆ ಬರೆ, ತುರ್ಕರ ಬಗ್ಗೆ ಬರೆ, ಯಾರು ಬೇಡ ಅನ್ನುತ್ತಾರೆ? ನಮ್ಮ ಮನೆಯ ವಿಷಯ ಬೀದಿಗೆ ತರಬೇಡ. ಇದು ಹಿರಿಯಣ್ಣನ ಆಜ್ಞೆ." ಅಣ್ಣ, ಹಡಗಿನಲ್ಲಿ ನೀನು ಎಷ್ಟೋ ಜನಕ್ಕೆ ಆಜ್ಞೆ ಮಾಡಿದವನು. ಆದರೆ ನನಗೆ ಅರವತ್ತು ದಾಟಿದೆ, ಪ್ಲೋವ್‌ದಿವ್ ಪಟ್ಟಣದಲ್ಲಿ ಆಯುಷ್ಯವೆಲ್ಲ ಮಕ್ಕಳಿಗೆ ಇತಿಹಾಸ ಕಲಿಸಿದ್ದೇನೆ, ಮತ್ತು ನಾನು ನಿನ್ನ ಹಡಗಿನಲ್ಲಿಲ್ಲ. ನಾನು ಬರೆಯುತ್ತೇನೆ. ಇದನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ನಿನಗೂ ಅನುಕೂಲ. ಉಳಿದದ್ದನ್ನು ಓದುವುದೋ ಒಲೆಗೆ ಹಾಕುವುದೋ ನೀನೇ ನೋಡಿಕೋ.

ಅಪ್ಪನ ಬಗ್ಗೆ ನನಗೆ ಗೊತ್ತಿದ್ದದ್ದಾದರೂ ಎಷ್ಟು? ನನಗೆ ಎರಡು ವರ್ಷವಾಗಿದ್ದಾಗ ಕರೆದೊಯ್ದರು. ಬೇಕರಿಯಲ್ಲಿ ಏನೋ ತಮಾಷೆ ಮಾಡಿದ, ಯಾರೋ ಪೊಲೀಸರಿಗೆ ಮುಟ್ಟಿಸಿದರು, ಡ್ಯಾನ್ಯೂಬ್ ನದಿಯ ನಡುಗಡ್ಡೆಯ ಶಿಬಿರಕ್ಕೆ ಹಾಕಿದರು, ಅಲ್ಲೇ ಸತ್ತ. ಅಮ್ಮ ಹೇಳಿದ್ದು ಇಷ್ಟೇ, ಅದೂ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಾ. ಹೆಣ ಬರಲಿಲ್ಲ, ದಿನಾಂಕವೂ ಬರಲಿಲ್ಲ. ನಿನ್ನನ್ನು ಕೇಳಿದಾಗಲೆಲ್ಲ "ನಾನೂ ಚಿಕ್ಕವನಾಗಿದ್ದೆ" ಅನ್ನುತ್ತಿದ್ದೆ. ಈ ಒಂದು ಹಿಡಿ ಹಿಟ್ಟಿನಲ್ಲಿ ಊರಿಗೆಲ್ಲ ಬ್ರೆಡ್ ಮಾಡುತ್ತೇನೆ ಎಂದು ನಾನು ಕಾದಂಬರಿಗೆ ಕೂತದ್ದು.

ಸೋಫಿಯಾದ ಪ್ರಕಾಶಕರ ಸಂಪಾದಕ ಕಾಮೆನ್ ಎಂಬುವನು ಓದಿ ಬಹಳ ಮೆಚ್ಚಿದ. ಮೂವತ್ತರ ಆಸುಪಾಸು, ಮಾತು ಬೆಣ್ಣೆ. "ಮೇಡಂ, ಗೊತ್ತಿಲ್ದಿದ್ದನ್ನ ಕಲ್ಪನೆ ಮಾಡ್ಕೊಳ್ಳಿ, ಕಾದಂಬರಿ ತಾನೆ? ನದಿ ದಡದಲ್ಲಿ ನಿಲ್ಸಿ ಗುಂಡು ಹೊಡೆಸಿಬಿಡಿ. ಓದೋರು ಅಳ್ತಾರೆ," ಅಂದ. ನಾನಂದೆ, "ಮಳೇನ ಕಲ್ಪಿಸ್ಕೋತೀನಪ್ಪ, ಮೇಜು ಕುರ್ಚಿ ಕಲ್ಪಿಸ್ಕೋತೀನಿ. ನಮ್ಮಪ್ಪ ಸತ್ತದ್ದನ್ನ ಕಲ್ಪಿಸ್ಕೊಳ್ಳೋಕೆ ಆಗಲ್ಲ. ಅದು ಎಲ್ಲೋ ಒಂದು ಕಡೆ ನಿಜವಾಗಿ ಆಗಿದೆ." ಅವನಿಗೆ ಅರ್ಥವಾಗಲಿಲ್ಲ. ನಿನಗೂ ಆಗುವುದಿಲ್ಲವೇನೋ.

ಜಿಲ್ಲೆಯ ಪತ್ರಾಗಾರಕ್ಕೆ ಹೋದೆ. ಅಪ್ಪನ ಹೆಸರಿನ ಕಡತದ ರಟ್ಟು ಇತ್ತು, ರಟ್ಟಿನೊಳಗೆ ಒಂದು ಹಾಳೆಯೂ ಇರಲಿಲ್ಲ. ಸರಿ ಎಂದು ರೆಕಾರ್ಡರ್ ಹಿಡಿದು ಊರ ಮುದುಕ ಮುದುಕಿಯರ ಮನೆ ಸುತ್ತಿದೆ. ಎಲ್ಲರೂ ಕೂರಿಸಿ ಚೀಸು ತುಂಬಿದ ಬಾನಿತ್ಸಾ ಕೊಟ್ಟರು, ಮನೆಯಲ್ಲೇ ಇಳಿಸಿದ ರಕೀಯಾ ಸಾರಾಯಿ ಬಗ್ಗಿಸಿದರು, ಗುಲಾಬಿ ಜಾಮು ಚಮಚದಲ್ಲಿ ಬಾಯಿಗೇ ಇಟ್ಟರು. ಅಪ್ಪನ ಹೆಸರೆತ್ತಿದ ಕೂಡಲೇ, "ಗಂಚೊ ವೆಲೆವನಾ? ಒಳ್ಳೇ ಮನುಷ್ಯ. ನೆನಪಿಲ್ಲ ಕಣೇ." ಅದೇ ವರ್ಷ ಸರ್ಕಾರ ಬಲವಂತವಾಗಿ ಸಹಕಾರಿ ಸಂಘಕ್ಕೆ ಬರೆಸಿಕೊಂಡ ಹಸುವಿನ ಹೆಸರು ನೆನಪಿದೆ, ಅದರ ಕೊಂಬು ಯಾವ ಕಡೆ ಸೊಟ್ಟ ಎಂಬುದೂ ನೆನಪಿದೆ. ಗಂಚೊ ಮಾತ್ರ ಒಳ್ಳೇ ಮನುಷ್ಯ, ಅಷ್ಟೇ.

ಕಳೆದ ತಿಂಗಳು ಬಸ್‌ ಸ್ಟಾಪಿನಲ್ಲಿ ಕಾಯುತ್ತಾ ಕಂಬದ ಮೇಲಿನ ಸಾವಿನ ಚೀಟಿಗಳನ್ನು ಓದುತ್ತಿದ್ದೆ. ನಮ್ಮೂರ ಬೀದಿಯಲ್ಲಿ ಬದುಕಿರುವವರಿಗಿಂತ ಸತ್ತವರ ಮುಖಗಳೇ ಹೆಚ್ಚು. ಸತ್ತ ದಿನಕ್ಕೊಂದು ಚೀಟಿ, ನಲವತ್ತನೇ ದಿನಕ್ಕೊಂದು, ವರ್ಷಕ್ಕೊಂದು, ಹತ್ತು ವರ್ಷಕ್ಕೊಂದು. ಮೇಲೆ ಫೋಟೋ, ನಡುವೆ ಹುಟ್ಟಿದ್ದು ಹೋದದ್ದು, ಕೆಳಗೆ 'ದುಃಖಪಡುವವರು' ಎಂದು ಮನೆಯವರ ಹೆಸರು. ಕುಡಿದು ಬಾವಿಗೆ ಬಿದ್ದವನಿಗೂ ಇಲ್ಲಿ ಚೀಟಿ ಇದೆ. ಅಪ್ಪನಿಗೆ ಇಲ್ಲಿವರೆಗೆ ಒಂದೂ ಅಂಟಲಿಲ್ಲ. ಬಂದ ಬಸ್ಸನ್ನು ಬಿಟ್ಟು ನೇರ ಅಚ್ಚಿನ ಅಂಗಡಿಗೆ ಹೋದೆ.

'ಗಂಚೊ ವೆಲೆವ್. ಈ ಊರ ಬ್ರೆಡ್ ಬೇಯಿಸಿದವರು. 1951ರ ವಸಂತದಲ್ಲಿ ನಮ್ಮಿಂದ ಕಿತ್ತುಕೊಂಡು ಹೋದರು. ದುಃಖಪಡುವವರು: ಮಗಳು.' ಮದುವೆಯ ಫೋಟೋದಿಂದ ಅಮ್ಮನನ್ನು ಮರೆಮಾಡಿ ಮುಖ ತೆಗೆಸಿದೆ. ಬಸ್‌ ಸ್ಟಾಪಿಗೆ, ಬ್ರೆಡ್ ಅಂಗಡಿಯ ಗಾಜಿಗೆ, ಚೌಕದ ಮರಕ್ಕೆ, ನಮ್ಮ ಮನೆಯ ಗೇಟಿಗೆ ಅಂಟಿಸಿದೆ.

ಮಾರನೇ ಬೆಳಿಗ್ಗೆ ಗೇಟು ಮುರಿಯುವ ಹಾಗೆ ಬಡಿತ. ಮಿತಾ ಅಜ್ಜಿ. ನಾನು ರೆಕಾರ್ಡರ್ ಹಿಡಿದು ಹೋದಾಗ "ನಂಗೆ ಮರೆವು ಜಾಸ್ತಿ ಮಗಾ" ಅಂದಿದ್ದಳಲ್ಲ, ಅವಳೇ. ಎಂಬತ್ತೈದರ ಮುದುಕಿ ಕೋಲನ್ನು ಚೀಟಿಗೆ ಕುಟ್ಟುತ್ತಾ ನಿಂತಿದ್ದಾಳೆ.

"ಯಾರೇ ನಿಂಗೆ ವಸಂತ ಅಂದೋರು? ಪ್ಲಮ್ ಹಣ್ಣಿನ ರಕೀಯಾ ಭಟ್ಟಿ ಇಳ್ಸೋ ಕಾಲ ಅದು. ನಾನೇ ಆವತ್ತು ಹಿಟ್ಟು ತಗೊಂಡು ಬೇಕರೀಲಿದ್ದೆ. ಓದಿದೋಳು ನೀನು, ಸತ್ತೋನ್ ಚೀಟೀಲಿ ಸುಳ್ಳು ಬರೀತಾರೇನೇ?"

ನಾನು ಪೆಚ್ಚಾದೆ. ವಸಂತ ಎಂದು ನನಗೆ ಯಾರೂ ಹೇಳಿರಲಿಲ್ಲ ಅಣ್ಣ. ಅಪ್ಪನನ್ನು ಕರೆದೊಯ್ಯುವಾಗ ಹೆಗಲ ಮೇಲೆ ಪ್ಲಮ್ ಹೂವು ಉದುರಿದರೆ ಚೆಂದ ಎಂದು ಕಾದಂಬರಿಯಲ್ಲಿ ನಾನೇ ಬರೆದಿದ್ದೆ. ಕಾಮೆನ್‌ಗೂ ಆ ಪುಟ ಬಹಳ ಹಿಡಿಸಿತ್ತು. ಬರೆದು ಬರೆದು ನಾನೇ ನಂಬಿಬಿಟ್ಟಿದ್ದೆ. ಇತಿಹಾಸದ ಮೇಷ್ಟ್ರಮ್ಮನ ಕಥೆ ಇದು, ನಗು ಬೇಕಾದರೆ.

"ಒಳಗ್ ಬಾ ಅಜ್ಜಿ, ಕಾಫಿ ಕುಡಿ. ಆವತ್ತು ಅಪ್ಪ ಅಂಥದ್ದೇನು ಅಂದ?" ಎಂದೆ.

"ಅಯ್ಯೋ, ನಾನೇ ಕೇಳಿದ್ದು. ಏನೋ ಗಂಚೊ, ಬ್ರೆಡ್ಡಲ್ಲಿ ಇತ್ತೀಚೆಗೆ ಬರೀ ತೂತು ಅಂದೆ. ಏನ್ ಮಾಡ್ಲಿ ಮಿತಾ, ಸಹಕಾರಿ ಸಂಘದೋರು ಬರೆಸ್ಕೊಳ್ದೆ ಬಿಟ್ಟಿರೋದು ತೂತು ಒಂದೇ, ಅದನ್ನೇ ಧಾರಾಳವಾಗಿ ಕೊಡ್ತಿದ್ದೀನಿ ಅಂದ. ಬೇಕರಿಗೆ ಬೇಕರಿಯೇ ನಕ್ಕಿತು. ನಾನಂತೂ ಹಿಟ್ಟಿನ ಬುಟ್ಟಿ ಕೆಳಗಿಟ್ಟು ನಕ್ಕೆ."

ಅಷ್ಟು ಹೇಳಿ ಅವಳೂ ನಕ್ಕಳು, ಆಮೇಲೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಯಾರು ಮುಟ್ಟಿಸಿದರು ಎಂದು ನಾನು ಕೇಳಲಿಲ್ಲ. ಅಪ್ಪನ ಬಾಯಿಂದ ಬಂದ ಒಂದು ಮಾತು ಮೊದಲ ಬಾರಿಗೆ ನನಗೆ ಸಿಕ್ಕಿತ್ತು, ಆ ದಿನಕ್ಕೆ ಅದು ಸಾಕಾಗಿತ್ತು.

ಆಗ ನನಗೆ ಹೊಳೆಯಿತು. ಈ ಊರಿನಲ್ಲಿ ಪ್ರಶ್ನೆ ಕೇಳಿದರೆ ಬಾಯಿಗೆ ಬೀಗ ಬೀಳುತ್ತದೆ. ಸತ್ತವರ ಚೀಟಿಯಲ್ಲಿ ತಪ್ಪು ಕಂಡರೆ ಮಾತ್ರ ಯಾರಿಗೂ ಊಟ ಸೇರುವುದಿಲ್ಲ. ಹಾಗಾದರೆ ತಪ್ಪು ಬರೆಯೋಣ. ಎರಡನೇ ಚೀಟಿ ಅಚ್ಚಿಗೆ ಕೊಟ್ಟಿದ್ದೇನೆ. ಕಾಲ ಸರಿಪಡಿಸಿದ್ದೇನೆ, ಬೇರೆ ಒಂದು ಸುಳ್ಳು ಬೇಕೆಂದೇ ಸೇರಿಸಿದ್ದೇನೆ. ಅಪ್ಪನ ಹೆಸರಲ್ಲಿ ಸುಳ್ಳು ಅಂಟಿಸುತ್ತಿದ್ದೇನೆ ಎಂದು ನೀನು ಕುಣಿದಾಡುವುದು ಇಲ್ಲಿಗೇ ಕೇಳಿಸುತ್ತಿದೆ. ಕುಣಿ. ಇಷ್ಟು ವರ್ಷ ಅವನ ಹೆಸರಲ್ಲಿ ಅಂಟಿಸಿದ್ದ ಮೌನಕ್ಕಿಂತ ನನ್ನ ಸುಳ್ಳು ಮೇಲು.

ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಟ್ಟುಕೋ. ಅತ್ತಿಗೆಗೂ ಮಕ್ಕಳಿಗೂ ದೇವರು ಆರೋಗ್ಯ ಕೊಡಲಿ.

ನಿನ್ನ ತಂಗಿ,
ನೆದ್ಯಾಲ್ಕಾ


ಗೋರ್ನಾ ಲಿಪಾ
4 ನವೆಂಬರ್ 2012

ಪ್ರೀತಿಯ ಅಣ್ಣ,

ನೀನು ಫೋನು ಮಾಡಿದ್ದು ಒಳ್ಳೆಯದಾಯಿತು, "ಹುಚ್ಚು ಹಿಡಿದಿದೆ ನಿಂಗೆ" ಎಂದು ಕಿರುಚಿ ಇಟ್ಟುಬಿಟ್ಟರೂ. ನಿನ್ನ ಗಂಟಲು ಗಟ್ಟಿಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಹುಚ್ಚಿನ ಸಮಾಚಾರ ಮುಂದುವರಿಸುತ್ತೇನೆ, ಕೇಳು.

ಎರಡನೇ ಚೀಟಿಯಲ್ಲಿ ನಾನು ಬರೆದದ್ದು: 'ನಾಲ್ವರು ಪೊಲೀಸರು ಬೇಕರಿಯಿಂದ ಎಳೆದೊಯ್ದರು.' ಅಂಟಿಸಿದ ದಿನವೇ ಮೇಯರ್ ಹೇಳಿಕಳಿಸಿದಳು. ನನ್ನ ಶಿಷ್ಯೆಯ ವಯಸ್ಸಿನವಳು, ಕೆಟ್ಟವಳಲ್ಲ. "ಟೀಚರ್, ಚೌಕದಲ್ಲಿ ಬೇಡ ಅಂತ ಕೆಲವ್ರು ಹೇಳ್ತಿದಾರೆ. ಊರಿನ ಒಗ್ಗಟ್ಟು ನೋಡ್ಬೇಕಲ್ವಾ?" ಅಂದಳು. "ಕೆಲವರು ಅಂದ್ರೆ ಯಾರಮ್ಮ? ಹೆಸರು ಹೇಳು, ಮುಂದಿನ ಚೀಟೀಲಿ ಹಾಕ್ತೀನಿ," ಅಂದೆ. ಅವಳು ಚಹಾ ತರಿಸಿದಳು, ಮಾತು ಹವಾಮಾನಕ್ಕೆ ಹೋಯಿತು.

ಎರಡು ದಿನ ಬಿಟ್ಟು ಹಗಲು ಹೊತ್ತಿನಲ್ಲೇ ಇಲ್ಚೊ ಚೌಕಕ್ಕೆ ಬಂದ. ನಿನಗೆ ನೆನಪಿರಬೇಕು, ಆಗಿನ ಪೊಲೀಸು, ಈಗ ಎಂಬತ್ತಮೂರು, ಇನ್ನೂ ಕೋಟಿನ ಗುಂಡಿ ಕತ್ತಿನ ತನಕ ಹಾಕಿಕೊಳ್ಳುತ್ತಾನೆ. ಊರುಗೋಲಿನ ತುದಿಯಿಂದ ಮರದ ಮೇಲಿನ ಚೀಟಿಯನ್ನು ಹರಿಯುತ್ತಿದ್ದ. ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನಾನು ಚೀಲದಿಂದ ಇನ್ನೊಂದು ತೆಗೆದು, ಅವನ ಕೋಲಿನ ಪಕ್ಕದಲ್ಲೇ ಅಂಟು ಬಳಿದೆ.

"ಸುಳ್ಳಿ," ಅಂದ.

"ಯಾವ್ದು ಸುಳ್ಳು?"

"ನಾಲ್ಕು ಜನ ಅಂತ ಬರ್ದಿದ್ದೀಯ. ಯಾವನು ಹೇಳ್ದ ನಿಂಗೆ? ನಾನೊಬ್ನೇ ಹೋಗಿದ್ದು. ಒಬ್ಬ ಬೇಕರಿಯವನನ್ನ ಕರ್ಕೊಂಡ್ ಬರೋಕೆ ನಾಲ್ಕು ಜನ ಬೇಕಿತ್ತಾ ನಂಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕೇಳಿದ್ದೆ. ಕುಂಬಳಕಾಯಿ ನಾನೊಬ್ಬನೇ ಹೊತ್ತದ್ದು ಎಂದು ಜಗಳಕ್ಕೆ ಬರುವವನನ್ನು ಅವತ್ತೇ ನೋಡಿದ್ದು.

"ಎಳ್ಕೊಂಡ್ ಹೋದ್ರಂತಲ್ಲ?"

"ಯಾರೂ ಎಳೀಲಿಲ್ಲ. ಎರಡನೇ ಸಲದ್ದು ಒಲೇಲಿದೆ ಇಲ್ಚೊ, ಹೆಂಗಸ್ರ ಬ್ರೆಡ್ಡು ಸೀದ್ಹೋಗುತ್ತೆ, ಸ್ವಲ್ಪ ಕೂತ್ಕೊ ಅಂದ. ಕೂತ್ಕೊಂಡೆ. ಎಲ್ಲಾ ಹೊರಗೆ ತೆಗ್ದ, ಬೆಂಕಿ ಆರ್ಸಿದ, ಏಪ್ರನ್ ಮಡ್ಚಿಟ್ಟ. ಒಂದು ಬಿಸೀದು ಮುರ್ದು ಉಪ್ಪು ಉದುರ್ಸಿ ನಂಗೂ ಕೊಟ್ಟ."

"ತಿಂದ್ರಾ?"

ಮುದುಕ ಸಾಲಿನಲ್ಲಿ ನಿಂತವರ ಕಡೆ ನೋಡಿದ. ಈ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. "ತಿಂದೆ. ಹಸಿವಾಗಿತ್ತು. ಇಪ್ಪತ್ತೆರಡು ವಯಸ್ಸು ನಂಗೆ."

ಅವನು ಹೋದ ಮೇಲೆ ಚೀಟಿಯನ್ನು ಯಾರೂ ಹರಿಯಲಿಲ್ಲ. ನಾನು ಮನೆಗೆ ಬಂದು ಕಾದಂಬರಿಯ ಆ ಅಧ್ಯಾಯವನ್ನು ಹರಿದೆ. ನಾನು ಕಲ್ಪಿಸಿದ ಅಪ್ಪ ಕೈಕಾಲು ಬಡಿದು ಕಿರುಚುತ್ತಿದ್ದ, ದೊಡ್ಡ ಮಾತಾಡುತ್ತಿದ್ದ. ಹಿಡಿಯಲು ಬಂದವನನ್ನು ಕೂರಿಸಿ, ಇನ್ನೊಬ್ಬರ ಬ್ರೆಡ್ ಸೀಯದಂತೆ ನೋಡಿಕೊಂಡು ಹೋದ ಈ ಮನುಷ್ಯನ ಕಾಲಧೂಳಿಗೂ ನನ್ನ ನಾಯಕ ಸಮನಾಗಲಿಲ್ಲ. ಕಾಮೆನ್‌ಗೆ ಬರೆದೆ, ಹೂವು ಉದುರುವ ಪುಟ ತೆಗೆದುಹಾಕಿದ್ದೇನೆ, ಬೇಡವಾದರೆ ನನ್ನ ಪುಸ್ತಕ ವಾಪಸು ಕಳಿಸು ಎಂದು. ಅವನಿನ್ನೂ ಉತ್ತರ ಬರೆದಿಲ್ಲ. ಪ್ರಪಂಚದಲ್ಲಿ ಅವನೊಬ್ಬನೇ ಪ್ರಕಾಶಕರ ಕಡೆಯವನಲ್ಲ.

ನಿನ್ನೆ ಶನಿವಾರ ಸತ್ತವರ ದಿನ. ಹೆಂಗಸರೆಲ್ಲ ಬೇಯಿಸಿದ ಗೋಧಿ, ಬ್ರೆಡ್ಡು, ದ್ರಾಕ್ಷಾರಸ ಹೊತ್ತು ಸ್ಮಶಾನಕ್ಕೆ ಹೋದರು. ಅಮ್ಮ ಅಜ್ಜನಿಗೆ, ಅಜ್ಜಿಗೆ, ಸತ್ತ ಸೋದರತ್ತೆಗೆ ಗೋಧಿ ಬೇಯಿಸುತ್ತಿದ್ದಳು. ಅಪ್ಪನಿಗೆ ಒಂದು ವರ್ಷವೂ ಬೇಯಿಸಿದ್ದು ನಾನು ಕಾಣೆ. ಈ ವರ್ಷ ನಾನು ಬೇಯಿಸಿದೆ. ಅಕ್ರೋಟು ಕುಟ್ಟಿ ಹಾಕಿ, ಸಕ್ಕರೆ ಉದುರಿಸಿ, ದೊಡ್ಡ ಬೋಗುಣಿ ತುಂಬ ಹೊತ್ತುಕೊಂಡು ಹೋದೆ. ಸಮಾಧಿ ಇಲ್ಲದವನ ಗೋಧಿಯನ್ನು ಎಲ್ಲಿ ಇಡುವುದು? ಸ್ಮಶಾನದ ಬಾಗಿಲಲ್ಲೇ ನಿಂತೆ. ಬರುವವರು ಹೋಗುವವರು ನನ್ನನ್ನು ದಾಟಿಯೇ ಹೋಗಬೇಕಿತ್ತು. "ಗಂಚೊ ವೆಲೆವನ ಹೆಸರಲ್ಲಿ," ಎಂದು ಒಬ್ಬೊಬ್ಬರ ಅಂಗೈಗೂ ಚಮಚ ಹಾಕಿದೆ. ಸತ್ತವರ ಗೋಧಿಗೆ ಒಲ್ಲೆ ಅನ್ನುವ ಧೈರ್ಯ ನಮ್ಮೂರಲ್ಲಿ ಯಾರಿಗಿದೆ? ಬಾಯಿಗೆ ಹಾಕಿಕೊಂಡು "ದೇವರು ಅವನನ್ನು ಕ್ಷಮಿಸಲಿ" ಎಂದು ವಾಡಿಕೆಯ ಮಾತು ಹೇಳಿ ಮುಂದೆ ಹೋದರು. ಊರಿಗೆ ಊರೇ ಅವನ ಹೆಸರನ್ನು ಕೇಳಿ, ನುಂಗಿ, ಮುಂದೆ ಹೋಯಿತು.

ಇಲ್ಚೊನೂ ಬಂದ. ಹೆಂಡತಿಯ ಸಮಾಧಿಗೆ ಹೊರಟಿದ್ದ. ಅಂಗೈ ಚಾಚಿದ. ನಾನು ಎರಡು ಚಮಚ ಹಾಕಿದೆ. "ದೇವರು ಅವನನ್ನ ಕ್ಷಮಿಸ್ಲಿ," ಅಂದ.

"ಅವನ ಸರದಿ ಮುಗೀತು ಇಲ್ಚೊ ಮಾವ. ಈಗ ಸಾಲಲ್ಲಿ ಬೇರೆಯವ್ರು ನಿಂತಿದ್ದಾರೆ," ಅಂದೆ.

ನನ್ನ ಹಿಂದಿದ್ದ ಮಿತಾ ಅಜ್ಜಿ ಕೆಮ್ಮಿದಳು. ಕೆಮ್ಮಲ್ಲ ಅದು, ನನಗೆ ಗೊತ್ತು.

ಈಗ ಮೂರನೇ ಚೀಟಿ ಅಂಟಿಸಿದ್ದೇನೆ: '1952ರಲ್ಲಿ ನಡುಗಡ್ಡೆಯಲ್ಲಿ ತೀರಿಕೊಂಡರು.' ಇಸವಿ ನನ್ನ ಊಹೆ. ಯಾವನಾದರೂ ಶಿಬಿರದಲ್ಲಿದ್ದವನು ಬದುಕಿದ್ದರೆ ಬಂದು ಬೈಯಲಿ, ಯಾವ ತಿಂಗಳು ಎಂದು ಹೇಳಲಿ. ಈ ಸಲ ಅಕ್ಕಪಕ್ಕದ ಜಿಲ್ಲೆಗಳ ಊರುಗಳ ಬಸ್‌ ಸ್ಟಾಪಿಗೂ ಕಳಿಸಿದ್ದೇನೆ. 'ದುಃಖಪಡುವವರು' ಎಂಬಲ್ಲಿ ನನ್ನೊಬ್ಬಳ ಹೆಸರೇ ಇದೆ. ಪಕ್ಕದಲ್ಲಿ ನಿನಗೆ ಜಾಗ ಬಿಡಿಸಿದ್ದೇನೆ. ಹಾಕಲೇ ಬೇಡವೇ ಎಂದು ಒಂದು ಸಾಲು ಬರೆದರೆ ಸಾಕು. ಬೈಗುಳ ಬೇಕಾದರೆ ಬೇರೆ ಹಾಳೆಯಲ್ಲಿ ಬರೆ.

ಚಳಿ ಬಿದ್ದಿದೆ, ಉಣ್ಣೆಯ ಪಟ್ಟಿ ಕಟ್ಟಿಕೋ.

ನಿನ್ನ ತಂಗಿ,
ನೆದ್ಯಾಲ್ಕಾ


ಗೋರ್ನಾ ಲಿಪಾ
2 ಡಿಸೆಂಬರ್ 2012

ಅಣ್ಣ,

ತಡವಾಯಿತು. ಈ ಕಾಗದವನ್ನು ಬಹಳ ಸಲ ಶುರು ಮಾಡಿ ಒಲೆಗೆ ಹಾಕಿದ್ದೇನೆ. ನೀನೂ ಒಂದು ಸಾಲು ಬರೆಯಲಿಲ್ಲ. ನೀನು ಯಾಕೆ ಬರೆಯಲಿಲ್ಲ ಎಂಬುದು ಈಗ ನನಗೆ ಗೊತ್ತು. ಆದರೆ ಕ್ರಮವಾಗಿ ಹೇಳುತ್ತೇನೆ.

ಬ್ರೆಸ್ತೊವೊದಿಂದ ಒಬ್ಬ ಹೆಂಗಸು ಬಂದಳು. ಇಟ್ಟಿಗೆ ಗೂಡಿನ ಊರು ಅದು, ರೈಲಿನಲ್ಲಿ ಅರ್ಧ ದಿನದ ದಾರಿ. ಹೆಸರು ಜ್ಲಾತಾ, ನಿನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಕೈಯಲ್ಲಿ ಬಸ್‌ ಸ್ಟಾಪಿನಿಂದ ಕಿತ್ತು ತಂದ ನನ್ನ ಮೂರನೇ ಚೀಟಿ. ಕೂರು ಎಂದರೂ ಕೂರಲಿಲ್ಲ.

"ನೀವೇನಾ ಇದನ್ನ ಬರ್ಸಿದ್ದು? ಐವತ್ತೆರಡ್ರಲ್ಲಿ ಸತ್ತೋರು ನಮ್ಮ ಮನೇಲಿ ಅಷ್ಟು ವರ್ಷ ಹೆಂಗೆ ಊಟ ಮಾಡಿದ್ರು?" ಅಂದಳು.

ನಾನು ಎರಡು ಕುರ್ಚಿ ಎಳೆದೆ. ಆಮೇಲೆ ಇಬ್ಬರೂ ಕೂತೆವು.

ಐವತ್ತಮೂರರಲ್ಲಿ ಅಪ್ಪನನ್ನು ಶಿಬಿರದಿಂದ ಬಿಟ್ಟರು. ತನ್ನ ಜಿಲ್ಲೆಗೆ ಕಾಲಿಡಕೂಡದು ಎಂದು ಹೇಳಿ ಬ್ರೆಸ್ತೊವೊಕ್ಕೆ ಕಳಿಸಿದರು. ಇಟ್ಟಿಗೆ ಗೂಡಿನಲ್ಲಿ ಕೆಲಸ, ಜ್ಲಾತಾಳ ತಂದೆತಾಯಿಯ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಭಾನುವಾರ ಅವರ ಒಲೆಯಲ್ಲಿ ಬ್ರೆಡ್ ಬೇಯಿಸುತ್ತಿದ್ದನಂತೆ. ಈಸ್ಟರಿಗೆ ಹಿಟ್ಟನ್ನು ಜಡೆ ಹೆಣೆಯಲು ಅವಳಿಗೆ ಕಲಿಸಿದ್ದು ಅವನೇ. "ನಿಮ್ಮಪ್ಪನ ಹಾಗೆ ಹೆಣೆಯೋಕೆ ಈಗ್ಲೂ ನಂಗೆ ಬರಲ್ಲ," ಎಂದು ನನ್ನ ಮೇಜಿನ ಮೇಲೆಯೇ ಬೆರಳಲ್ಲಿ ತೋರಿಸಿದಳು. ಅರವತ್ತೆರಡರ ಫೆಬ್ರವರಿಯಲ್ಲಿ ಶ್ವಾಸಕೋಶ ಕೆಟ್ಟು ಹೋದ. ಅವರೇ ಮಣ್ಣು ಮಾಡಿದರು. ಮರದ ಶಿಲುಬೆ ಇದೆ, ಹೆಸರಿದೆ. ಪ್ರತಿವರ್ಷ ಅವನಿಗೆ ಗೋಧಿ ಬೇಯಿಸಿದವಳು ಜ್ಲಾತಾಳ ತಾಯಿ, ಅವಳು ಹೋದ ಮೇಲೆ ಜ್ಲಾತಾ.

ಅಮ್ಮನಿಗೆ ಎಲ್ಲ ಗೊತ್ತಿತ್ತಂತೆ. ಅಪ್ಪ ಬದುಕಿದ್ದರೆ ಸರ್ಕಾರದ ಲೆಕ್ಕದಲ್ಲಿ ನಾವು ಜನಶತ್ರುವಿನ ಮಕ್ಕಳು, ಓದು ಅಲ್ಲಿಗೇ ಮುಗಿಯಿತು. ಸತ್ತರೆ ಬರೀ ತಬ್ಬಲಿಗಳು, ತಬ್ಬಲಿಗಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಅಪ್ಪ ಅಮ್ಮ ಇಬ್ಬರೂ ಕೂತು ಮಾತಾಡಿ ಅಪ್ಪನನ್ನು ಕಾಗದದ ಮೇಲೆ ಸಾಯಿಸಿದರು. ಅವನೇ ಮೊದಲು ಹೇಳಿದನಂತೆ, "ನಾನು ಸತ್ತೆ ಅಂತ ಶಾಲೆಗೆ ಬರ್ದುಕೊಡು, ಶಿಬಿರಕ್ಕೆ ಹೋದೋನು ಅಂದ್ರೆ ಅವರು ಹೇಗೂ ಅದನ್ನೇ ನಂಬ್ತಾರೆ." ಅದಕ್ಕೇ ಅಮ್ಮ ಎಂದೂ ಅವನಿಗೆ ಗೋಧಿ ಬೇಯಿಸಲಿಲ್ಲ. ಬದುಕಿರುವ ಗಂಡನಿಗೆ ಯಾರು ಬೇಯಿಸುತ್ತಾರೆ? ಅವನು ನಿಜವಾಗಿ ಹೋದ ಮೇಲೆ ಹೊಸದಾಗಿ ಬೇಯಿಸಿದರೆ ಯಾಕೆ ಎಂದು ನಾನು ಕೇಳುತ್ತಿದ್ದೆ.

ಅಮ್ಮನನ್ನು ನಾನು ದೂರುವುದಿಲ್ಲ. ಅವಳ ಲೆಕ್ಕ ಸರಿಹೋಯಿತು. ನೀನು ಹಡಗಿನ ಶಾಲೆ ಸೇರಿದೆ, ನಾನು ಇತಿಹಾಸ ಓದಿದೆ. ನಮಗೆ ಆ ಓದು ಅಪ್ಪನ ಬೆಲೆಗೆ ಬಂದದ್ದು ಎಂದು ಈಗ ತಿಳಿಯಿತು. ಅಷ್ಟು ಕೊಟ್ಟು ಕಲಿತ ಅಕ್ಷರದಲ್ಲಿ ಅವನ ಹೆಸರನ್ನು ಬರೆಯಬೇಡ ಎಂದು ನನಗೆ ಹೇಳಲು ನೀನು ಯಾರು, ಮೇಯರ್ ಯಾರು, ಕಾಮೆನ್ ಯಾರು?

ಕಾಮೆನ್ ಎಂದೊಡನೆ ನೆನಪಾಯಿತು. ಅವನು ಬರೆದಿದ್ದಾನೆ: ನಾಯಕ ಹುತಾತ್ಮನಾಗದೆ ಇಟ್ಟಿಗೆ ಸುಟ್ಟು ಕೆಮ್ಮಿ ಸತ್ತರೆ ಕಥೆಗೆ ಕಳೆ ಇರುವುದಿಲ್ಲ. ನಾನು ಹಸ್ತಪ್ರತಿ ವಾಪಸು ತರಿಸಿಕೊಂಡೆ. ಇನ್ನು ಅದು ಕಾದಂಬರಿಯೂ ಅಲ್ಲ. ನಾಯಕನ ಸುಳ್ಳು ಹೆಸರು ಹೊಡೆದುಹಾಕಿ ಎಲ್ಲ ಕಡೆ ಗಂಚೊ ವೆಲೆವ್ ಎಂದು ಬರೆದೆ, ಅವಳು ಎಂದಿದ್ದ ಕಡೆಯೆಲ್ಲ ನಾನು ಎಂದು ತಿದ್ದಿದೆ. ಪ್ಲೋವ್‌ದಿವ್‌ನಲ್ಲಿ ಒಂದು ಸಣ್ಣ ಮುದ್ರಣಾಲಯ ಒಪ್ಪಿದೆ. ಫೆಬ್ರವರಿಯಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಹಬ್ಬಕ್ಕೆ ಮುಂಚೆ ಅಚ್ಚಾಗುತ್ತದೆ. ಇದು ನಿನ್ನ ಅಪ್ಪಣೆ ಕೇಳುವ ಕಾಗದವಲ್ಲ.

ನಾಲ್ಕನೇ ಚೀಟಿಯನ್ನೂ ಅಂಟಿಸಿಯಾಯಿತು. ಅದರಲ್ಲಿ ತಪ್ಪು ಒಂದೂ ಇಲ್ಲ. ಮಿತಾ ಅಜ್ಜಿ ಮೊಮ್ಮಗಳ ಕೈಲಿ ಎರಡು ಸಲ ಓದಿಸಿ ಕೇಳಿದಳು, "ಹೂಂ, ಈಗ ಸರಿ," ಎಂದು ಚೀಟಿಯ ಮೇಲಿನ ಮುಖವನ್ನು ಅಂಗೈಯಿಂದ ಸವರಿದಳು. ಮಾರ್ಚ್ ತಿಂಗಳಲ್ಲಿ ಬ್ರೆಸ್ತೊವೊಕ್ಕೆ ಹೋಗಿ ಮರದ ಶಿಲುಬೆ ತೆಗೆದು ಕಲ್ಲಿನದು ನಿಲ್ಲಿಸುತ್ತೇನೆ. ಪಾದ್ರಿಗೆ ಹೇಳಿದ್ದೇನೆ. ನೀನು ಬಂದರೂ ನಿಲ್ಲಿಸುತ್ತೇನೆ, ಬಾರದಿದ್ದರೂ ನಿಲ್ಲಿಸುತ್ತೇನೆ.

ಅತ್ತಿಗೆ ಸುಖವಾಗಿರಲಿ. ನಿನ್ನ ಮೊಮ್ಮಕ್ಕಳ ಬಾಳು ಹಸನಾಗಲಿ, ಅವರಿಗೆ ಅವರಪ್ಪ ಯಾವ ಊರಿನಲ್ಲಿದ್ದಾನೆ ಎಂಬುದು ಯಾವಾಗಲೂ ಗೊತ್ತಿರಲಿ.

ಗಂಚೊ ವೆಲೆವನ ಮಗಳು,
ನೆದ್ಯಾಲ್ಕಾ

ಮರೆತ ಮಾತು:

ಮರೆತಿಲ್ಲ, ಕೊನೆಗೆ ಇಟ್ಟುಕೊಂಡಿದ್ದೆ. ಜ್ಲಾತಾ ಹೊರಡುವಾಗ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದಳು, ಹಡಗಿನ ಶಾಲೆಯ ಟೋಪಿ ಹಾಕಿಕೊಂಡದ್ದು. "ಅಯ್ಯೋ, ಸ್ಟೇಷನ್ ಹುಡುಗ," ಅಂದಳು. ರೈಲು ಬದಲಿಸುವ ಜಂಕ್ಷನ್ನಿನಲ್ಲಿ, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ, ಅಮ್ಮ ನಿನ್ನನ್ನು ಕರೆದುಕೊಂಡು ಬರುತ್ತಿದ್ದಳಂತೆ. ಒಬ್ಬ ಗಂಡಸು ಸುಮ್ಮನೆ ಕೂತಿದ್ದರೆ ಪೊಲೀಸರು ಕೇಳುತ್ತಾರೆ ಎಂದು ಅಪ್ಪ ಜ್ಲಾತಾಳ ಕೈ ಹಿಡಿದುಕೊಂಡು ಬರುತ್ತಿದ್ದನಂತೆ, ಮಗಳ ಹಾಗೆ. ನೀವು ನಾಲ್ವರೂ ಬೆಂಚಿನ ಮೇಲೆ ಕೂತು ಬ್ರೆಡ್ಡು ಚೀಸು ತಿನ್ನುತ್ತಿದ್ದಿರಂತೆ. ನೀವು ಪಟ್ಟಣಕ್ಕೆಂದು ಹೋದ ದಿನ ನನ್ನನ್ನು ಮಿತಾ ಅಜ್ಜಿಯ ಮನೆಯಲ್ಲಿ ಬಿಡುತ್ತಿದ್ದದ್ದು ನನಗೆ ನೆನಪಿದೆ, ನಿನಗೆ ಹಲ್ಲು ಕೀಳಿಸಲು ಹೋಗುತ್ತೀರಿ ಎಂದುಕೊಂಡಿದ್ದೆ.

ಅಪ್ಪ ಪ್ರತಿಸಲ ಕೇಳುತ್ತಿದ್ದನಂತೆ, ಚಿಕ್ಕವಳೆಲ್ಲಿ ಎಂದು. ಅಮ್ಮ ಅನ್ನುತ್ತಿದ್ದಳಂತೆ, "ಅವಳ ಬಾಯಿ ಊರಗಲ. ನಾಳೆ ಶಾಲೆಗೆಲ್ಲ ಹೇಳ್ಬಿಡ್ತಾಳೆ."

ಸರಿ. ಏಳು ವರ್ಷದ ಹುಡುಗಿಯ ಬಾಯಿಗೆ ಹೆದರಿದ್ದು ತಪ್ಪಲ್ಲ. ಆದರೆ 1989ರಲ್ಲಿ ಆ ಸರ್ಕಾರ ಹೋಯಿತು, ಮರುವರ್ಷ ಅಮ್ಮನೂ ಹೋದಳು. ಹೆದರಿಸುವವರು ಒಬ್ಬರೂ ಉಳಿದಿರಲಿಲ್ಲ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನಾನು ನಿನ್ನ ಹೆಗಲ ಮೇಲೆ ತಲೆಯಿಟ್ಟು, ಅಪ್ಪ ಹೇಗಿದ್ದ ಅಂತ ಒಂದು ಸಲ ಹೇಳು ಅಣ್ಣ ಎಂದು ಅತ್ತೆ. ನೀನು ನನ್ನ ತಲೆ ಸವರಿ, ನನಗೂ ನೆನಪಿಲ್ಲ ಅಂದೆ.